ದಾಬಸ್‌ಪೇಟೆಯ ದಾಬಸ್ ಯಾರು?

ಬೆಂಗಳೂರಿನಿಂದ ತುಮಕೂರಿಗೆ ಬರುವ ಬಸ್ಸು ನೆಲಮಂಗಲ ದಾಟಿ ಸ್ವಲ್ಪ ದೂರ ಬಂದರೆ ಎಡಗಡೆ ಶಿವಗಂಗೆ ಬೆಟ್ಟ ಕಾಣುತ್ತದೆ. ಬೆಟ್ಟ ಕಂಡ ಕೂಡಲೇ ಕೈ ಮುಗಿಯುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಕಳೆದ ಬೇಸಿಗೆ ರಜೆಯಲ್ಲಿ ಹಾಗೆ ಕೈ ಮುಗಿದು ಕುಳಿತಿದ್ದಾಗ ಕಂಡಕ್ಟರ್ ಕೂಗಿದ: "ಯಾರ್ರೀ ದಾಬಸ್‌ಪೇಟೆ? ದಾಬಸ್‌ಪೇಟೆ ಇಳಿಯೋರು ಮುಂದೆ ಬನ್ನಿ!"

ಪಕ್ಕದಲ್ಲಿದ್ದ ನನ್ನ ಮೊಮ್ಮಗಳು ಕಿಟಕಿಯಿಂದ ತಲೆ ತಿರುಗಿಸಿದಳು. ಅವಳಿಗೆ ಹನ್ನೊಂದು ವರ್ಷ. ಅಮೆರಿಕದಲ್ಲಿ ಹುಟ್ಟಿ ಬೆಳೆದವಳು, ಆದರೆ ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಕೂಡಿಸಿ ಕೂಡಿಸಿ ಓದುತ್ತಾಳೆ.

"ಅಜ್ಜಿ, ದಾಬಸ್ ಅಂದ್ರೆ ಏನು?"

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನ ಹುಡುಗನೊಬ್ಬ, "ಇಲ್ಲಿ ರೋಡ್ ಪಕ್ಕ ಡಾಬಾಗಳು ಜಾಸ್ತಿ ಇವೆಯಲ್ಲಾ, ಅದಕ್ಕೇ" ಎಂದ. ಹಿಂದೆ ಕುಳಿತಿದ್ದ ಅಜ್ಜಿಯೊಬ್ಬರಿಗೆ ಅದು ಒಪ್ಪಿಗೆಯಾಗಲಿಲ್ಲ. "ಅಲ್ಲಪ್ಪ, ಸೊಂಟಕ್ಕೆ ಹಾಕ್ಕೊಳೋ ಡಾಬು ಇಲ್ವಾ? ಹಿಂದೆ ಇಲ್ಲಿ ಡಾಬು ಮಾಡೋ ಅಕ್ಕಸಾಲಿಗರು ಇದ್ದಿರಬೇಕು" ಎಂದರು. ಬಸ್ಸಿನಲ್ಲಿ ಅರ್ಧ ಜನ ನಕ್ಕರು, ಇನ್ನರ್ಧ ಜನ ಇದ್ದರೂ ಇರಬಹುದು ಎಂದು ತಲೆದೂಗಿದರು.

ಮೊಮ್ಮಗಳು ಅಷ್ಟರಲ್ಲಿ ಅಂಗಡಿಗಳ ಬೋರ್ಡು ಓದುತ್ತಿದ್ದಳು. ಒಂದು ಬೋರ್ಡಿನ ಇಂಗ್ಲಿಷ್ ಸ್ಪೆಲ್ಲಿಂಗ್ ಇನ್ನೊಂದರಲ್ಲಿ ಇರಲಿಲ್ಲ. ಒಂದು ಬೋರ್ಡಿನ ಮುಂದೆ ಮಾತ್ರ ಅವಳ ಕಣ್ಣು ನಿಂತಿತು. "ಅಜ್ಜಿ, ಇದು ಡಾಬ್ಸ್! ಇದು ಇಂಗ್ಲಿಷ್ ಸರ್‌ನೇಮ್ ಅಲ್ವಾ? ನಮ್ಮ ಕಡೆ ಈ ಹೆಸರಿನೋರು ಇದಾರೆ. ಇಲ್ಲಿಗೆ ಹೇಗೆ ಬಂತು?"

ಮೂವತ್ತು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಸಮಾಜ ಪಾಠ ಮಾಡಿದ ನನಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ. ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನುವಾಗ ಶುರುವಾದ ಕಥೆ ಮುಗಿಯಲು ಒಂದು ವಾರ ಹಿಡಿಯಿತು. ಕಥೆಯ ಕೊನೆಗೆ ಅವಳು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನೂ ಹೇಳುತ್ತೇನೆ, ಮೊದಲು ದಾಬಸ್ ಯಾರೆಂದು ನೋಡೋಣ.

ತುಮಕೂರಿನಲ್ಲಿದ್ದ ದೊರೆ

ಮಕ್ಕಳೇ, 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರು ರಾಜ್ಯದ ಆಡಳಿತವನ್ನು ತೆಗೆದುಕೊಂಡರು. ಐವತ್ತು ವರ್ಷಗಳ ನಂತರ, 1881ರಲ್ಲಿ, ಅದನ್ನು ಮತ್ತೆ ಒಡೆಯರ ಮನೆತನಕ್ಕೆ ಒಪ್ಪಿಸಿದರು. ಆ ನಡುವಿನ ಕಾಲದಲ್ಲಿ ರಾಜ್ಯವನ್ನು ನೋಡಿಕೊಂಡವರು ಕಮಿಷನರುಗಳು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆ ಹುದ್ದೆಯಲ್ಲಿದ್ದರು.

ಆಗ ರಾಜ್ಯವನ್ನು ನಾಲ್ಕು ವಿಭಾಗ ಮಾಡಿದ್ದರು: ಬೆಂಗಳೂರು, ಅಷ್ಟಗ್ರಾಮ, ನಗರ ಮತ್ತು ಚಿತ್ರದುರ್ಗ. ಒಂದೊಂದಕ್ಕೂ ಒಬ್ಬ ಸೂಪರಿಂಟೆಂಡೆಂಟ್. ಚಿತ್ರದುರ್ಗ ವಿಭಾಗದ ಕಚೇರಿ ಎಲ್ಲಿತ್ತು ಗೊತ್ತೇ? ಚಿತ್ರದುರ್ಗದಲ್ಲಿ ಅಲ್ಲ, ನಮ್ಮ ತುಮಕೂರಿನಲ್ಲಿ! ಅಲ್ಲಿ ಬಹುಕಾಲ ಸೂಪರಿಂಟೆಂಡೆಂಟ್ ಆಗಿದ್ದವರು ರಿಚರ್ಡ್ ಸ್ಟೀವರ್ಟ್ ಡಾಬ್ಸ್ ಎಂಬ ಸೇನಾಧಿಕಾರಿ. ಕಂದಾಯ, ನ್ಯಾಯ, ರಸ್ತೆ, ಕೆರೆ, ಸಂತೆ ಎಲ್ಲದರ ಮೇಲೂ ಸೂಪರಿಂಟೆಂಡೆಂಟರ ಕಣ್ಣು. ತಾಲ್ಲೂಕಿನ ಅಮಲ್ದಾರರು ಅವರಿಗೆ ಲೆಕ್ಕ ಒಪ್ಪಿಸಬೇಕು.

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅದಕ್ಕೆ ಮೊದಲು ಎಲ್ಲವೂ ಎತ್ತಿನ ಗಾಡಿ, ಕುದುರೆ ಅಥವಾ ಕಾಲ್ನಡಿಗೆ. ಬೆಂಗಳೂರಿಗೂ ತುಮಕೂರಿಗೂ ಎಪ್ಪತ್ತು ಕಿಲೋಮೀಟರು. ಎತ್ತು ಒಂದೇ ದಿನದಲ್ಲಿ ಅಷ್ಟು ದೂರ ಎಳೆಯಲಾರದು. ದಾರಿಯಲ್ಲಿ ನೀರು, ಹುಲ್ಲು, ತಂಗಲು ನೆರಳು ಬೇಕು. ಹೀಗೆ ಗಾಡಿ ನಿಲ್ಲುವ ಕಡೆ ಅಂಗಡಿ ಬರುತ್ತದೆ, ಅಂಗಡಿ ಇದ್ದಲ್ಲಿ ಪೇಟೆ ಬೆಳೆಯುತ್ತದೆ. ಶಿವಗಂಗೆಯ ಬುಡದಲ್ಲಿ, ತುಮಕೂರಿಗೆ ಇಪ್ಪತ್ತು ಕಿಲೋಮೀಟರು ಈಚೆ ಹೆದ್ದಾರಿಯಲ್ಲಿರುವ ಪೇಟೆಗೆ ಡಾಬ್ಸ್ ದೊರೆಯ ಹೆಸರು ಬಂತು. ಈಗಲೂ ಅದು ದಾರಿ ಕೂಡುವ ಊರೇ. ಕೊರಟಗೆರೆ, ಮಧುಗಿರಿಗೆ ಹೋಗುವ ಬಸ್ಸುಗಳು ಅಲ್ಲೇ ಬಲಕ್ಕೆ ತಿರುಗುತ್ತವೆ. ದೊಡ್ಡಬಳ್ಳಾಪುರದ ರಸ್ತೆಯೂ ಅಲ್ಲೇ ಸೇರುತ್ತದೆ. ಊರು ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಗೆ ಸೇರಿದ್ದು. ಸುತ್ತ ಈಗ ಕಾರ್ಖಾನೆಗಳು ಎದ್ದಿವೆ.

ಡಾಬ್ಸ್ ನಿವೃತ್ತರಾದ ಮೇಲೆ ಮೈಸೂರು, ದಕ್ಷಿಣ ಆಫ್ರಿಕ ಮತ್ತು ಬರ್ಮಾದ ತಮ್ಮ ನೆನಪುಗಳನ್ನು ಪುಸ್ತಕವಾಗಿ ಬರೆದರು. ಅದು 1882ರಲ್ಲಿ ಪ್ರಕಟವಾಯಿತು. ಈ 1882ನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಬರ್ಟನ ಮಕ್ಕಳು

"ಸರಿ ಅಜ್ಜಿ, ಆದ್ರೆ ಡಾಬ್ಸ್ ಅಂದ್ರೆ ಏನು? ಅರ್ಥ ಇರಬೇಕಲ್ವಾ?" ಮೊಮ್ಮಗಳು ಬಿಡಲಿಲ್ಲ.

ಇದೆ. ನಮ್ಮಲ್ಲಿ ಕೃಷ್ಣ ಎಂಬ ಹೆಸರಿನವನನ್ನು ಮನೆಯಲ್ಲಿ ಕಿಟ್ಟಿ ಅನ್ನುತ್ತೇವೆ. ಶ್ರೀನಿವಾಸ ಸೀನ ಆಗುತ್ತಾನೆ, ವೆಂಕಟೇಶ ವೆಂಕ ಆಗುತ್ತಾನೆ. ಹಾಗೆಯೇ ಹಳೆಯ ಇಂಗ್ಲೆಂಡಿನಲ್ಲಿ ರಾಬರ್ಟ್ ಎಂಬ ಹುಡುಗನನ್ನು ಮುದ್ದಿಗೆ ರಾಬ್ ಎನ್ನುತ್ತಿದ್ದರು. ಅದು ಸಾಲದೆ ಬಾಬ್, ಡಾಬ್, ಹಾಬ್ ಎಂದೂ ಕರೆಯುತ್ತಿದ್ದರು. ಬಾಬ್ ಈಗಲೂ ಬಳಕೆಯಲ್ಲಿದೆ, ಡಾಬ್ ಮತ್ತು ಹಾಬ್ ಮರೆತುಹೋಗಿವೆ. ಒಂದೇ ಊರಿನಲ್ಲಿ ಹತ್ತು ಜನ ರಾಬರ್ಟರಿದ್ದರೆ ಗುರುತು ಹಿಡಿಯಲು ಇದೂ ಒಂದು ಉಪಾಯ.

ಡಾಬ್‌ನ ಮಗ ಡಾಬ್ಸ್ ಅಥವಾ ಡಾಬ್‌ಸನ್. ಹಾಬ್‌ನ ಮಗ ಹಾಬ್ಸ್. ರಾಬಿನ್‌ನ ಮಗ ರಾಬಿನ್‌ಸನ್. ರಾಬಿನ್‌ಸನ್ ಕ್ರೂಸೋ ಕಥೆ ಓದಿದ್ದೀರಲ್ಲ? ಅವನ ಹೆಸರಿನ ಬೇರೂ ಇದೇ. ನಮ್ಮ ಧಾರವಾಡ, ಹಾವೇರಿ ಕಡೆ ಬಸಪ್ಪನವರ, ಹನುಮಂತಪ್ಪನವರ ಎಂಬ ಅಡ್ಡಹೆಸರುಗಳಿವೆ. ಬಸಪ್ಪ ಎಂಬ ಹಿರಿಯರೊಬ್ಬರ ವಂಶದವರೆಲ್ಲ ಬಸಪ್ಪನವರ. ಡಾಬ್ಸ್ ಅಂದರೂ ಅಷ್ಟೇ, ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ರಾಬಪ್ಪನವರ'!

ರಾಬರ್ಟ್ ಎಂಬ ಹೆಸರಿಗೂ ಹಳೆಯ ಜರ್ಮನ್ ಭಾಷೆಗಳಲ್ಲಿ ಅರ್ಥವಿದೆ: ಕೀರ್ತಿಯಿಂದ ಬೆಳಗುವವನು. ನಮ್ಮ ಕೀರ್ತಿಪ್ರಕಾಶ ಅನ್ನಬಹುದು.

ಇಲ್ಲೊಂದು ತಮಾಷೆ ಇದೆ. ಕೋಲಾರದ ಚಿನ್ನದ ಗಣಿಯ ಊರು ಕೆ.ಜಿ.ಎಫ್.ನಲ್ಲಿ ರಾಬರ್ಟ್‌ಸನ್‌ಪೇಟೆ ಎಂಬ ಪೇಟೆ ಇದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರು ಅದಕ್ಕೆ. ರಾಬರ್ಟ್‌ಸನ್ ಅಂದರೆ ರಾಬರ್ಟನ ಮಗ. ಡಾಬ್ಸ್ ಅಂದರೂ ರಾಬರ್ಟನ ಮಗ. ಅಂದಮೇಲೆ ನಮ್ಮ ದಾಬಸ್‌ಪೇಟೆಗೂ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಗೂ ಅರ್ಥ ಒಂದೇ! ಇದನ್ನು ಕೇಳಿ ಮೊಮ್ಮಗಳು ಕೈ ತಟ್ಟಿದಳು.

ಡಾಬ್‌ನಿಂದ ಬಂದ ಇನ್ನೊಂದು ಮುದ್ದಿನ ಮಾತು ಡಾಬಿನ್. ಹೊಲ ಉಳುವ, ಗಾಡಿ ಎಳೆಯುವ ಸಾಧು ಕುದುರೆಯನ್ನು ಇಂಗ್ಲಿಷಿನಲ್ಲಿ ಡಾಬಿನ್ ಎನ್ನುತ್ತಾರೆ. ಶೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲೂ ಈ ಹೆಸರಿನ ಒಂದು ಗಾಡಿ ಕುದುರೆಯ ಮಾತು ಬರುತ್ತದೆ. ನಮ್ಮ ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಆದರೆ ಅಲ್ಲಿ ಬೆಳೆಯುವುದು ರೇಸಿನ ಕುದುರೆಗಳು. ಅವಕ್ಕೆ ಡಾಬಿನ್ ಎಂದರೆ ಸಿಟ್ಟು ಬಂದೀತು!

ಕಡಲಾಚೆಯ ಡಾಬ್ಸರು

ಉತ್ತರ ಐರ್ಲೆಂಡಿನ ಕ್ಯಾರಿಕ್‌ಫರ್ಗಸ್ ಪಟ್ಟಣದ ಬಳಿ ಕ್ಯಾಸಲ್ ಡಾಬ್ಸ್ ಎಂಬ ಜಾಗವಿದೆ. ಆ ಮನೆತನದ ಆರ್ಥರ್ ಡಾಬ್ಸ್ (1689–1765) ಎಲ್ಲವನ್ನೂ ಕುತೂಹಲದಿಂದ ನೋಡುವ ಮನುಷ್ಯ. ಜೇನುನೊಣ ಒಂದು ಸಲ ಗೂಡಿನಿಂದ ಹೊರಟರೆ ಬೇರೆ ಬೇರೆ ಹೂಗಳಿಗೆ ಹಾರುವುದಿಲ್ಲ, ಒಂದೇ ಜಾತಿಯ ಹೂಗಳನ್ನು ಹುಡುಕಿ ಹೋಗುತ್ತದೆ ಎಂಬುದನ್ನು ಅವರು ಗಮನಿಸಿದರು. ಅದನ್ನು ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದರು. 1750ರಲ್ಲಿ ಅದು ಅಚ್ಚಾಯಿತು. ಹೂವಿನ ಪರಾಗ ಅದೇ ಜಾತಿಯ ಹೂವಿಗೇ ಸೇರಿ ಕಾಯಿ ಕಟ್ಟುವುದು ಹೇಗೆ ಎಂಬುದಕ್ಕೆ ಇದು ಒಳ್ಳೆಯ ಸುಳಿವು. ನಿಮ್ಮ ಮನೆಯ ಹತ್ತಿರ ಹುಚ್ಚೆಳ್ಳಿನ ಹೊಲವೋ ಸೂರ್ಯಕಾಂತಿಯ ಹೊಲವೋ ಇದ್ದರೆ ನೀವೂ ಒಂದು ಜೇನುನೊಣವನ್ನು ಕಣ್ಣಲ್ಲೇ ಹಿಂಬಾಲಿಸಿ ನೋಡಿ.

1754ರಲ್ಲಿ ಆರ್ಥರ್ ಡಾಬ್ಸ್ ಅಮೆರಿಕದ ಉತ್ತರ ಕೆರೊಲಿನಾಕ್ಕೆ ಗವರ್ನರ್ ಆಗಿ ಹೋದರು. ಅಲ್ಲಿ ಒಂದು ವಿಚಿತ್ರ ಗಿಡ ಕಂಡರು. ಅದರ ಎಲೆ ಬಾಯಿ ತೆರೆದ ಹಾಗಿರುತ್ತದೆ. ನೊಣ ಬಂದು ಕುಳಿತು ಒಳಗಿನ ಕೂದಲನ್ನು ಮುಟ್ಟಿದರೆ ಎಲೆ ಪಟಕ್ಕನೆ ಮುಚ್ಚಿಕೊಳ್ಳುತ್ತದೆ. 1760ರ ಒಂದು ಕಾಗದದಲ್ಲಿ ಅವರು ಅದನ್ನು ವರ್ಣಿಸಿದರು. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಕೀಟಾಹಾರಿ ಸಸ್ಯ ಎಂದು ಓದುವ ವೀನಸ್ ಫ್ಲೈಟ್ರ್ಯಾಪ್ ಅದೇ. ಅದು ತಾನಾಗಿ ಬೆಳೆಯುವುದು ಜಗತ್ತಿನಲ್ಲಿ ಉತ್ತರ ಮತ್ತು ದಕ್ಷಿಣ ಕೆರೊಲಿನಾಗಳ ಕೆಲವು ಭಾಗಗಳಲ್ಲಿ ಮಾತ್ರ.

ಆ ಗವರ್ನರರ ಹೆಸರಿನಲ್ಲಿ ಉತ್ತರ ಕೆರೊಲಿನಾದಲ್ಲಿ ಡಾಬ್ಸ್ ಕೋಟೆ ಕಟ್ಟಿದರು. 1758ರಲ್ಲಿ ಡಾಬ್ಸ್ ಕೌಂಟಿ ಎಂಬ ಜಿಲ್ಲೆಯನ್ನೂ ಮಾಡಿದರು. 1791ರಲ್ಲಿ ಆ ಜಿಲ್ಲೆಯನ್ನು ಒಡೆದು ಬೇರೆ ಹೆಸರುಗಳನ್ನು ಇಟ್ಟರು. ದೊಡ್ಡ ಅಧಿಕಾರಿಯ ಹೆಸರು ಮೂವತ್ತಮೂರೇ ವರ್ಷ ಬಾಳಿತು.

ಅದೇ ಅಮೆರಿಕದ ನ್ಯೂಯಾರ್ಕ್ ಬಳಿ, ಹಡ್ಸನ್ ನದಿಯ ದಡದಲ್ಲಿ, ಡಾಬ್ಸ್ ಫೆರಿ ಎಂಬ ಊರಿದೆ. ಫೆರಿ ಅಂದರೆ ದೋಣಿಗಡ. ಅಲ್ಲಿನ ಡಾಬ್ಸರು ಗವರ್ನರರಲ್ಲ, ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದ ಅಂಬಿಗರು. 1873ರಲ್ಲಿ ಊರಿಗೆ ಗ್ರೀನ್‌ಬರ್ಗ್ ಎಂಬ ಸರ್ಕಾರಿ ಹೆಸರು ಬಂತು. ಆದರೂ 1882ರಲ್ಲಿ ಮತ್ತೆ ಡಾಬ್ಸ್ ಫೆರಿ ಎಂದೇ ಮಾಡಿಕೊಂಡರು. ಗವರ್ನರನ ಜಿಲ್ಲೆ ಹೋಯಿತು, ಅಂಬಿಗನ ಊರು ಉಳಿಯಿತು. ಹೆಸರು ಉಳಿಯುವುದು ಕುರ್ಚಿಯ ಎತ್ತರದಿಂದ ಅಲ್ಲ, ದಿನಾ ಜನ ಅದನ್ನು ಕೂಗುವುದರಿಂದ. ನಮ್ಮ ಕಂಡಕ್ಟರ್ ದಿನಕ್ಕೆ ನಾಲ್ಕು ಸಲ ಕೂಗುತ್ತಾನಲ್ಲ, ಹಾಗೆ.

1882ರಲ್ಲೇ ಇನ್ನೊಬ್ಬ ಡಾಬ್ಸ್ ಹುಟ್ಟಿದರು, ಅಮೆರಿಕದ ಜಾರ್ಜಿಯಾದಲ್ಲಿ. ಜಾನ್ ವೆಸ್ಲಿ ಡಾಬ್ಸ್ ಅವರ ಬಣ್ಣ ಬಿಳಿಯದಲ್ಲ. ಅವರ ಹೆತ್ತವರು ಗುಲಾಮಗಿರಿಯಲ್ಲಿ ಹುಟ್ಟಿ ಆಮೇಲೆ ಬಿಡುಗಡೆಯಾದವರು. ಆಫ್ರಿಕದಿಂದ ಹಿಡಿದು ತಂದವರ ಸ್ವಂತ ಹೆಸರುಗಳನ್ನು ಅಳಿಸಿ ಮಾಡಿದ ವ್ಯವಸ್ಥೆ ಅದು. ಅಲ್ಲಿನ ಎಷ್ಟೋ ಕಪ್ಪು ಕುಟುಂಬಗಳಿಗೆ ಇಂಗ್ಲಿಷ್ ಅಡ್ಡಹೆಸರು ಬಂದದ್ದು ಹೀಗೆ. ಜಾನ್ ವೆಸ್ಲಿ ಡಾಬ್ಸ್ ರೈಲಿನಲ್ಲಿ ಅಂಚೆ ವಿಂಗಡಿಸುವ ಗುಮಾಸ್ತರಾಗಿ ದುಡಿದರು. ಅಟ್ಲಾಂಟಾ ನಗರದಲ್ಲಿ ತಮ್ಮ ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಓಡಾಡಿದರು. ಅವರ ಮೊಮ್ಮಗ ಮೇನಾರ್ಡ್ ಜಾಕ್ಸನ್ ಆ ನಗರದ ಮೊದಲ ಕಪ್ಪು ಮೇಯರ್ ಆದರು. ಮಗಳು ಮ್ಯಾಟಿವಿಲ್ಡಾ ಡಾಬ್ಸ್ (1925–2015) ಒಪೆರಾ ಗಾಯಕಿ. 1953ರಲ್ಲಿ ಇಟಲಿಯ ಹೆಸರಾಂತ ಲಾ ಸ್ಕಾಲಾ ರಂಗಮಂದಿರದಲ್ಲಿ ಹಾಡಿದರು. ಕಪ್ಪು ಜನರನ್ನು ಬೇರೆ ಕೂರಿಸುವ ಸಭೆಯಲ್ಲಿ ನಾನು ಹಾಡುವುದಿಲ್ಲ ಎಂದು ಹಟ ಹಿಡಿದವರು ಅವರು. ಅಟ್ಲಾಂಟಾದಲ್ಲಿ ಈಗ ಜಾನ್ ವೆಸ್ಲಿ ಡಾಬ್ಸ್ ರಸ್ತೆ ಇದೆ.

ನೋಡಿ ಮಕ್ಕಳೇ, ಆಳಿದವನೂ ಡಾಬ್ಸ್, ದೋಣಿ ನಡೆಸಿದವನೂ ಡಾಬ್ಸ್, ಗುಲಾಮಗಿರಿಯಿಂದ ತಲೆ ಎತ್ತಿ ನಿಂತವರ ಮಗನೂ ಡಾಬ್ಸ್. ಹೆಸರು ಪಾತ್ರೆ ಇದ್ದ ಹಾಗೆ. ಒಳಗೆ ಏನು ತುಂಬಬೇಕೆಂಬುದು ಹೊತ್ತವರಿಗೆ ಬಿಟ್ಟದ್ದು.

ಉಳಿದ ಹೆಸರು, ಅಳಿದ ಹೆಸರು

ನಮ್ಮ ರಾಜ್ಯದಲ್ಲಿ ಇಂಗ್ಲಿಷ್ ಅಡ್ಡಹೆಸರಿನ ಪೇಟೆಗಳು ಇನ್ನೂ ಇದ್ದವು. ಈಗಿನ ರಾಮನಗರ ಹಿಂದೆ ಕ್ಲೋಸ್‌ಪೇಟೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್ ಅವರ ಹೆಸರು ಅದು. ಊರಿನ ಹೆಸರು ಬದಲಾಯಿತು, ಬಂಡೆಯ ಹೆಸರು ಬದಲಾಗಲಿಲ್ಲ. ರಾಮನಗರದಿಂದ ನಮ್ಮ ಜಿಲ್ಲೆಯ ಮಧುಗಿರಿ, ಪಾವಗಡದ ಕಡೆಗೆ ಹಬ್ಬಿರುವ ಕಲ್ಲಿನ ಪಟ್ಟಿಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ.

ಕೋಲಾರ ಜಿಲ್ಲೆಯ ಬಂಗಾರಪೇಟೆಯನ್ನು ಹಿಂದೆ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಕಬ್ಬನ್ನರ ನಂತರ 1862ರಲ್ಲಿ ಕಮಿಷನರ್ ಆದ ಲೂಯಿನ್ ಬೌರಿಂಗ್ ಅವರ ಹೆಸರು. ಹತ್ತಿರದಲ್ಲೇ ಚಿನ್ನದ ಗಣಿ, ಹೆಸರು ಬಂಗಾರಪೇಟೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತು! ನಮ್ಮ ಡಾಬ್ಸ್ ಕೂಡ ನಾಲಿಗೆಯಲ್ಲಿ ಉರುಳಿ ಉರುಳಿ ದಾಬಸ್ ಆಯಿತು. ಕೊನೆಗೆ ಡಾಬು, ಡಾಬಾ ಎಂದು ಅರ್ಥ ಹುಡುಕುವಷ್ಟು ಅದು ನಮ್ಮದಾಗಿಬಿಟ್ಟಿದೆ.

ಗುಬ್ಬಿಗೂ ಇಂಗ್ಲಿಷ್ ಅಡ್ಡಹೆಸರಿನವರು ಬಂದಿದ್ದರು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್‌ಸನ್ 1830ರ ದಶಕದ ಕೊನೆಯಲ್ಲಿ ಅಲ್ಲಿದ್ದರು. ಅವರು ಇಂಗ್ಲಿಷರಿಗೆ ಕನ್ನಡ ಕಲಿಸಲು ಒಂದು ವ್ಯಾಕರಣ ಬರೆದರು, 1859ರಲ್ಲಿ ಅದು ಅಚ್ಚಾಯಿತು. ಹಾಡ್‌ಸನ್ ಅಂದರೆ ಹಾಡ್ಜ್‌ನ ಮಗ, ಹಾಡ್ಜ್ ಅಂದರೆ ರೋಜರ್ ಎಂಬ ಹೆಸರಿನ ಮುದ್ದು ರೂಪ. ಗುಬ್ಬಿಯಲ್ಲಿ ಹಾಡ್‌ಸನ್‌ಪೇಟೆ ಆಗಲಿಲ್ಲ. ಆದರೆ ಗುಬ್ಬಿಯ ಹೆಸರೇ ಊರು ಬಿಟ್ಟು ಹೊರಟು ಎಲ್ಲೆಲ್ಲಿಗೋ ಹೋಯಿತು. ಅದೇ ಮುಂದಿನ ಕಥೆ.

ಹೆಸರಿನ ಮುಂದೆ ನಿಂತ ಊರು

ಇಂಗ್ಲಿಷರಲ್ಲಿ ಅಡ್ಡಹೆಸರು ಹೆಸರಿನ ಹಿಂದೆ ಬರುತ್ತದೆ. ನಮ್ಮ ಹಳೇ ಮೈಸೂರಿನಲ್ಲಿ ಊರು ಹೆಸರಿನ ಮುಂದೆ ಬರುತ್ತದೆ. ಗುಬ್ಬಿ ವೀರಣ್ಣನವರನ್ನು ಯಾರು ಬಲ್ಲವರಲ್ಲ? ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರು ಅದನ್ನು ನಾಡಿನ ಮೂಲೆ ಮೂಲೆಗೆ ಕೊಂಡೊಯ್ದರು. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದರು. ಬೆಂಗಳೂರು ರೈಲ್ವೆ ನಿಲ್ದಾಣದ ಎದುರು ಪ್ರಯಾಣಿಕರಿಗಾಗಿ ಛತ್ರ ಕಟ್ಟಿಸಿದವರು ಗುಬ್ಬಿ ತೋಟದಪ್ಪನವರು. ಅಲ್ಲಿನ ರಸ್ತೆಗೂ ಅವರ ಹೆಸರೇ. ಚಿರತೆಗಳ ಬಗ್ಗೆ ಸಂಶೋಧನೆ ಮಾಡಿದ, 2017ರಲ್ಲಿ ವಿಟ್ಲಿ ಪ್ರಶಸ್ತಿಯನ್ನೂ ಪಡೆದ ಸಂಜಯ್ ಗುಬ್ಬಿ ಅವರಲ್ಲಿ ಮಾತ್ರ ಊರು ಹೆಸರಿನ ಹಿಂದಕ್ಕೆ ಹೋಗಿದೆ, ಇಂಗ್ಲಿಷ್ ಅಡ್ಡಹೆಸರಿನ ಹಾಗೆ. ಇಂಗ್ಲೆಂಡಿನಲ್ಲೂ 'ಸ್ಪ್ಯಾರೋ' ಎಂಬ ಅಡ್ಡಹೆಸರಿನವರಿದ್ದಾರೆ. ಅವರನ್ನು ನಾವು ಗುಬ್ಬಿಯವರು ಅನ್ನಬಹುದಲ್ಲವೇ?

ಕೆಲವರಲ್ಲಿ ಊರು ಒಂದೇ ಅಕ್ಷರವಾಗಿ ಕುಳಿತಿರುತ್ತದೆ. ತೀ.ನಂ.ಶ್ರೀ. ಎಂದು ನಾವು ಕರೆಯುವ ದೊಡ್ಡ ವಿದ್ವಾಂಸರ 'ತೀ' ಅಂದರೆ ತೀರ್ಥಪುರ, ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಳ್ಳಿ. ಬಿ.ಎಂ.ಶ್ರೀ. ಅವರ 'ಬಿ' ಬೆಳ್ಳೂರು. ಡಿ.ವಿ.ಜಿ. ಅವರ 'ಡಿ' ದೇವನಹಳ್ಳಿ. ಒಂದು ಅಕ್ಷರವನ್ನು ಬಿಡಿಸಿದರೆ ಒಂದು ಊರೇ ಹೊರಗೆ ಬರುತ್ತದೆ.

ಐಸ್‌ಲೆಂಡ್ ದೇಶದಲ್ಲಿ ಹೆಚ್ಚಿನವರಿಗೆ ಅಡ್ಡಹೆಸರೇ ಇಲ್ಲ. ಅಪ್ಪನ ಹೆಸರಿಗೆ 'ಸನ್' ಸೇರಿಸಿದರೆ ಮಗ, 'ಡಾಟ್ಟಿರ್' ಸೇರಿಸಿದರೆ ಮಗಳು. ತಲೆಮಾರು ಬದಲಾದರೆ ಹೆಸರೂ ಬದಲು. ನಮ್ಮ ಇನಿಷಿಯಲ್ ಪದ್ಧತಿಯೂ ಸುಮಾರಾಗಿ ಹಾಗೇ. ಎಲ್ಲರಿಗೂ ಒಂದೇ ಅಚ್ಚು ಇರಬೇಕೆಂದಿಲ್ಲ. ಆದರೆ ಈಗಿನ ಅರ್ಜಿಗಳಲ್ಲಿ ಇರುವುದು ಎರಡೇ ಚೌಕ: ಮೊದಲ ಹೆಸರು, ಕೊನೆಯ ಹೆಸರು.

ಮೊಮ್ಮಗಳ ಪ್ರಶ್ನೆ

ನನ್ನ ಮಗನ ಶಾಲೆಯ ದಾಖಲೆಯಲ್ಲಿ ಅವನ ಹೆಸರಿಗೆ ಎರಡು ಇನಿಷಿಯಲ್. ಮೊದಲಿನದು ಕುಣಿಗಲ್, ನಮ್ಮ ಯಜಮಾನರ ಊರು. ಎರಡನೆಯದು ಅವನ ಅಪ್ಪನ ಹೆಸರು. ಪಾಸ್‌ಪೋರ್ಟಿಗೆ ಅರ್ಜಿ ತುಂಬುವಾಗ 'ಕೊನೆಯ ಹೆಸರು' ಎಂಬ ಚೌಕದಲ್ಲಿ ಅಪ್ಪನ ಹೆಸರು ಬರೆದ. ಕುಣಿಗಲ್ಲಿಗೆ ಚೌಕ ಇರಲಿಲ್ಲ, ಬಿಟ್ಟುಹೋಯಿತು. ಅವನ ಮಗಳಿಗೂ ಅದೇ ಕೊನೆಯ ಹೆಸರು ಬಂತು. ಹೀಗೆ ತಾತನ ಹೆಸರು ಮೊಮ್ಮಗಳ ಅಡ್ಡಹೆಸರಾಯಿತು.

ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ನಮ್ಮ ಕಾಲದಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಮೇಷ್ಟರಾಗಿದ್ದರೂ ಅಷ್ಟೇ, ಕಾಗದದ ಮೇಲೆ ಬರೆದೆನೇ ಹೊರತು ಕರೆಯಲಿಲ್ಲ. 'ನಮ್ಮ ಮನೆಯವರು' ಎಂದೇ ನಲವತ್ತು ವರ್ಷ ಕಳೆಯಿತು. ನಾನು ಒಂದು ಸಲವೂ ಕೂಗದ ಆ ಹೆಸರನ್ನು, ಕುಣಿಗಲ್ ಕೆರೆಯನ್ನು ಕಂಡರಿಯದ ಒಬ್ಬ ಟೀಚರ್, ಸಾವಿರಾರು ಮೈಲಿ ಆಚೆ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಕೂಗುತ್ತಾರೆ. ನನ್ನ ಮೊಮ್ಮಗಳು ಎದ್ದು ನಿಂತು "ಹಾಜರ್" ಅನ್ನುತ್ತಾಳೆ.

ಡಾಬ್ ಎಂಬ ಯಾವನೋ ಹಳ್ಳಿಯವನಿಗೂ ಹೀಗೇ ಆಗಿರಬೇಕು. ತನ್ನ ಮುದ್ದಿನ ಹೆಸರು ಕಡಲು ದಾಟಿ ಶಿವಗಂಗೆಯ ಬುಡದಲ್ಲಿ ಬಸ್ ನಿಲ್ದಾಣವಾಗುತ್ತದೆಂದು ಅವನು ಕನಸಿನಲ್ಲೂ ನೆನೆಸಿರಲಾರ.

ಇದನ್ನೆಲ್ಲ ಕೇಳಿ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ತಾತನ ಹೆಸರು ನನ್ನಲ್ಲಿದೆ. ಕುಣಿಗಲ್ ಅಪ್ಪನ ಇನಿಷಿಯಲ್‌ನಲ್ಲಿ ಇತ್ತು. ನಿಮ್ಮ ಊರು ಯಾವುದರಲ್ಲಿದೆ ಅಜ್ಜಿ?"

ನನ್ನ ತವರೂರು ಗುಬ್ಬಿ. ಮದುವೆಯಾಗಿ ಹೋದದ್ದು ಕುಣಿಗಲ್, ಕೆಲಸ ಸಿಕ್ಕಿ ನೆಲೆಸಿದ್ದು ತುಮಕೂರು. ಮದುವೆಗೆ ಮೊದಲು ನನ್ನ ಹೆಸರಿನ ಮುಂದೆ 'ಜಿ' ಎಂಬ ಅಕ್ಷರ ಇತ್ತು. ಮದುವೆಯಾದ ಮೇಲೆ ಗಂಡನ ಊರಿನ 'ಕೆ' ಬಂತು. ಯಾರೂ ಬಲವಂತ ಮಾಡಲಿಲ್ಲ, ನಾನೂ ಯೋಚಿಸಲಿಲ್ಲ. ನನ್ನ ತಾಯಿಯ ಊರು ಅದಕ್ಕೂ ಮೊದಲೇ ಹೀಗೆ ಕಳೆದುಹೋಗಿತ್ತು. ಅಜ್ಜಿಯ ಊರು ಯಾವುದೆಂದು ನೆನಪಿಸಿಕೊಳ್ಳಲು ನನಗೇ ಒಂದು ನಿಮಿಷ ಬೇಕಾಯಿತು. ಡಾಬ್ಸ್ ದೊರೆಯ ಊರಿನ ದಾರಿಯಲ್ಲಿ ಮಣ್ಣು ಹೊತ್ತವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಮನೆಮನೆಯ ಅಜ್ಜಿಯರ ಊರಿನ ಹೆಸರೂ ಹಾಗೆಯೇ.

"ಯಾವುದರಲ್ಲೂ ಇಲ್ಲ ಕಣೇ" ಎಂದೆ.

ಅವಳು ಒಳಗೆ ಹೋದಳು. ವಾಪಸು ಹೋಗುವ ಮುನ್ನ ಕನ್ನಡ ಬರವಣಿಗೆಗೆಂದು ನಾನು ಕೊಡಿಸಿದ್ದ ನಾಲ್ಕು ಗೆರೆಯ ಕಾಪಿ ಪುಸ್ತಕ ತಂದಳು. ಅದರ ಮೇಲಿನ ಚೀಟಿಯಲ್ಲಿ ದುಂಡಗೆ ಬರೆದಿದ್ದಳು. ಮೊದಲು 'ಗು', ಆಮೇಲೆ 'ಕು', ಆಮೇಲೆ ಅವಳ ಹೆಸರು, ಕೊನೆಗೆ ತಾತನ ಹೆಸರು. 'ಗು' ಒತ್ತಿ ಬರೆದು ಪೆನ್ಸಿಲ್ ಮೊನೆ ಮುರಿದಿತ್ತು.

"ಪಾಸ್‌ಪೋರ್ಟಲ್ಲಿ ಜಾಗ ಇಲ್ಲ. ಪುಸ್ತಕದಲ್ಲಿ ಇದೆಯಲ್ಲಾ" ಅಂದಳು.

ನಾನು ಕನ್ನಡಕ ಒರೆಸಿಕೊಂಡೆ.

ಈಗ ಓದುಗ ಮಕ್ಕಳಿಗೆ ಒಂದು ಕೆಲಸ. ಈ ಭಾನುವಾರ ನಿಮ್ಮ ಹೆಸರಿನ ಇನಿಷಿಯಲ್ ಬಿಡಿಸಿ ಬರೆಯಿರಿ. ಅದು ಊರೋ, ಅಪ್ಪನ ಹೆಸರೋ, ಅಮ್ಮನ ಹೆಸರೋ ಕೇಳಿ ತಿಳಿಯಿರಿ. ಆಮೇಲೆ ತಾತನ ಹತ್ತಿರ ಅವರ ಊರಿನ ಕಥೆ ಕೇಳಿ. ಅಜ್ಜಿಯ ಹತ್ತಿರ ಅವರ ತವರೂರಿನ ಹೆಸರು, ಅವರ ಅಮ್ಮನ ತವರೂರಿನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಅಜ್ಜಿ ತಾತಂದಿರೇ, ಮಕ್ಕಳು ಕೇಳಲು ಬಂದಾಗ ಟಿ.ವಿ. ಸ್ವಲ್ಪ ಆರಿಸಿ.

ಮುಂದಿನ ಸಲ ಬಸ್ಸಿನಲ್ಲಿ ಕಂಡಕ್ಟರ್ "ದಾಬಸ್‌ಪೇಟೆ" ಎಂದು ಕೂಗಿದಾಗ ಪಕ್ಕದವರಿಗೆ ಹೇಳಿ: ಇದು ಡಾಬಾನೂ ಅಲ್ಲ, ಡಾಬೂ ಅಲ್ಲ, ರಾಬರ್ಟ್ ಎಂಬ ಮನುಷ್ಯನ ಮುದ್ದಿನ ಹೆಸರು. ಆಮೇಲೆ ಅವರ ಊರು ಯಾವುದೆಂದು ಕೇಳಿ. ತುಮಕೂರು ಬರುವಷ್ಟರಲ್ಲಿ ನಿಮಗೊಂದು ಹೊಸ ಕಥೆ ಸಿಕ್ಕಿರುತ್ತದೆ.